ಕಡುಬಿನೊಳಗಿನ ಮೂಗುಬಟ್ಟು

"ಅವನಿಗೆ ಹೇಳ್ರಿ ಮೇಡಂ, ಬಾಯಿ ಮುಚ್ಕೊಂಡು ಕೂಡ್ರು ಅಂತ," ಎಂದ ಕೆಂಚವೀರಪ್ಪ.

ಮಗ ಕೂತಿದ್ದು ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ. ಆದರೂ ಈ ಮನೆಯಲ್ಲಿ ಅಪ್ಪನ ಮಾತು ಮಗನಿಗೆ ನೇರ ಹೋಗುವಂತಿಲ್ಲ, ಸುತ್ತು ಹೊಡೆದೇ ಹೋಗಬೇಕು.

"ಅವರಿಗೂ ಹೇಳ್ರಿ, ಬಾಯಿ ಮುಚ್ಚಾಕೆ ಆಗ್ತಿಲ್ಲ ಅಂತ," ಎಂದ ಪರಶುರಾಮ, ಊದಿದ ತುಟಿಗೆ ಕರ್ಚೀಫು ಒತ್ತಿಕೊಂಡು. "ಹಲ್ಲು ಮುರಿದೈತೆ."

ಇಬ್ಬರ ನಡುವಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ ದಿಲ್ಷಾದ್ ಬೇಗಂ, ಯಾ ಅಲ್ಲಾ, ಮಹಿಳಾ ಠಾಣೆಯಲ್ಲಿ ಎ.ಎಸ್.ಐ. ಆಗಿ ನಿವೃತ್ತಿಯಾದ ಮೇಲೆ ನನಗೆ ಟಪಾಲು ಹಂಚುವ ಕೆಲಸ ಬಂತಲ್ಲ ಎಂದುಕೊಂಡಳು. ಜನ ಈಗ ಠಾಣೆಗೆ ಹೋಗುವ ಮೊದಲು ಅವಳ ಮನೆಗೆ ಬರುತ್ತಾರೆ, ಇಲ್ಲವೇ ಹೀಗೆ ತಮ್ಮ ಮನೆಗೆ ಕರೆಸುತ್ತಾರೆ. ಬಂದವರಲ್ಲಿ ಮುಕ್ಕಾಲು ಪಾಲು ತಮ್ಮ ಮನೆಯವರ ಮೇಲೆಯೇ ದೂರು ತಂದವರು.

ಅವಳ ಅಂಗೈಯಲ್ಲಿ ಏಳು ಕೆಂಪು ಕಲ್ಲಿನ ಮೂಗುಬಟ್ಟು ಇತ್ತು. ಕೆಂಚವೀರಪ್ಪನ ಹೆಂಡತಿ ಉಚ್ಚೆಂಗೆಮ್ಮ ವರ್ಷದ ಹಿಂದೆ ಹರಿಹರದ ಹೊಳೆಯಲ್ಲಿ ಹೆಣವಾಗಿ ಸಿಕ್ಕಾಗ ಮೈಮೇಲೆ ತಾಳಿ, ಬಳೆ, ಕಾಲುಂಗುರ ಎಲ್ಲ ಇದ್ದು, ಇದೊಂದು ಇರಲಿಲ್ಲ. ಹೊಳೆ ತಗೊಂಡಿತು ಎಂದರು ಎಲ್ಲರೂ. ಕಾಲು ಜಾರಿ ಬಿದ್ದಿದ್ದು ಎಂದು ಪೊಲೀಸರು ಫೈಲು ಮುಚ್ಚಿದರು. ಹೊಳೆ ತಗೊಂಡ ಆ ಮೂಗುಬಟ್ಟು ನಿನ್ನೆ ಅವಳ ವರ್ಷದ ಎಡೆಯ ಎಲೆಯಲ್ಲಿ, ಹೂರಣದ ಕಡುಬಿನ ಹೊಟ್ಟೆಯೊಳಗಿಂದ, ಪರಶುರಾಮನ ಹಲ್ಲಿಗೆ ಸಿಕ್ಕಿತ್ತು.

"ಕಡುಬಿನಾಗೆ ಸಿಕ್ಕಿತಂತೆ ಕಡುಬಿನಾಗೆ!" ಕೆಂಚವೀರಪ್ಪ ತೊಡೆ ತಟ್ಟಿದ. "ನಾಟಕ ಮೇಡಂ. ವರ್ಷಪೂರ್ತಿ ಇವನ ಹತ್ರಾನೇ ಇತ್ತು. ಅರಗಿಸ್ಕೊಳ್ಳಾಕೆ ಆಗ್ಲಿಲ್ಲ, ಬಾಯಾಗೆ ಇಟ್ಕೊಂಡು ಬಂದು ಎಲೆ ಮ್ಯಾಲೆ ಉಗುಳ್ದ. ತಾಯಿ ಎಡೆ ಮ್ಯಾಲೆ! ನಾಲ್ಕು ಗಂಟೆಗೆ ಸ್ಟೇಷನ್‌ಗೆ ಹೋಗಿ ಇವನ ಹೆಸರು ಬರೆಸ್ತೀನಿ. ನೀವೊಂದು ಮಾತು ಹೇಳಿದ್ರೆ ತೂಕ ಬರ್ತದೆ ಅಂತ ಕರೆಸಿದ್ದು."

"ಹೆತ್ತ ಮಗನ ಮೇಲೆ ಕೊಲೆ ಕೇಸು," ಎಂದಳು ದಿಲ್ಷಾದ್.

"ಹೆತ್ತೋಳು ಆಕಿ. ಆಕೀನೇ ಇಲ್ಲ."

ಎಂಥ ಮಾತು ಬಂತು ನೋಡಿ ಆ ಬಾಯಲ್ಲಿ! ದಿಲ್ಷಾದ್ ಸೇವೆಯಲ್ಲಿದ್ದಾಗ ಕಳ್ಳರನ್ನು ಕಂಡಿದ್ದಳು, ಕಟುಕರನ್ನು ಕಂಡಿದ್ದಳು. ಇಷ್ಟು ಒಣಗಿದ ತಂದೆಯನ್ನು ಕಂಡಿದ್ದು ಕಡಿಮೆ. ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದ ಈತ ಮನೆಯಲ್ಲೂ ಫೋರ್‌ಮನ್ ಆಗಿಯೇ ಇದ್ದನಂತೆ. ಊಟದ ತಟ್ಟೆಗೆ ಲೋಟ ಬಡಿದು ಸದ್ದು ಮಾಡಿದರೆ ಹೆಂಡತಿ ಓಡಿಬರಬೇಕು, ಇವನು ಉಂಡು ಏಳುವವರೆಗೂ ನಿಂತೇ ಇರಬೇಕು. ದಾವಣಗೆರೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿರುವ ಮಗ, ತಾಯಿಯ ತಿಥಿ ಮುಗಿಸಿ ಹೋದವನು ಈ ಹೊಸ್ತಿಲು ತುಳಿದಿದ್ದು ನಿನ್ನೆಯೇ.

"ಈ ಊರಾಗೆ ಫೋರ್‌ಮನ್ ಕೆಂಚವೀರಪ್ಪ ಅಂದ್ರೆ ಒಂದು ಮರ್ಯಾದೆ ಐತೆ," ಮುದುಕ ಮುಂದುವರಿಸಿದ. ಕತ್ತಿನ ನರ ಉಬ್ಬಿತ್ತು. "ಅಂಥೋನ ಹೆಂಡ್ತಿ, ಗತಿಗೆಟ್ಟೋಳ ಹಂಗೆ ಮೂಗಿಗೆ ಕಡ್ಡಿ ಸಿಗಿಸ್ಕೊಂಡು ಹೊಳೆಗೆ ಹೋದ್ಲು. ಯಾರ ದೆಸೆಯಿಂದ? ಈ ಮಗನ ದೆಸೆಯಿಂದ!"

ಚಹಾದ ತಟ್ಟೆ ಹಿಡಿದು ಬಂದ ಸೊಸೆ ಅಂಬಿಕಾ ನಿಂತಳು. "ಯಾವ ಕಡ್ಡಿ ಮಾವಾರೆ?"

"ನೀ ಒಳಗೆ ಹೋಗು," ಎಂದ ಪರಶುರಾಮ.

ದಿಲ್ಷಾದ್ ಬೈಗುಳಕ್ಕೆ ಕಿವಿ ಕೊಡುವವಳಲ್ಲ. ಸಿಟ್ಟು ಬಂದ ಮುದುಕರು ಏನೇನೋ ಅನ್ನುತ್ತಾರೆ. ಅವಳು ಮೂಗುಬಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದಳು. ತಿರುಪು ಬಿಗಿಯಾಗಿ ಕೂತಿತ್ತು. ತಿರುಪಿನ ಸುತ್ತಿನೊಳಗೆಲ್ಲ ಬೆಲ್ಲ ಕಂದಿ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದರೂ ಬರಲಿಲ್ಲ.

ಬಾಯಲ್ಲಿಟ್ಟುಕೊಂಡು ಬಂದಿದ್ದರೆ ಬೆಲ್ಲ ಹೀಗೆ ಅಂಟುತ್ತಿರಲಿಲ್ಲ. ಇದು ಎಣ್ಣೆಯಲ್ಲಿ ಬೆಂದ ವಸ್ತು.

"ಉಳಿದ ಅರ್ಧ ಕಡುಬು ಎಲ್ಲಪ್ಪ?"

"ತೆಗೆದಿಟ್ಟೀನಿ." ಪರಶುರಾಮ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದ. "ಈ ಮನೇಲಿ ನನ್ ಮಾತು ಯಾರೂ ನಂಬಲ್ಲ ಅಂತ ಗೊತ್ತಿತ್ತು."

"ತೆಗೆದಿಟ್ಟಾನಂತೆ! ನೋಡ್ರಿ, ಎಷ್ಟು ತಯಾರಾಗಿ ಬಂದಾನೆ!" ಎಂದ ಕೆಂಚವೀರಪ್ಪ.

"ಯಜಮಾನ್ರೇ, ನಿಮ್ಮ ಹೆಂಡ್ತಿ ತೀರ್ಕೊಂಡ ದಿನ ನೀವೆಲ್ಲಿದ್ರಿ?"

"ಆನಗೋಡಿನಾಗೆ. ನಮ್ಮಕ್ಕನ ಮೊಮ್ಮಗಳ ನಿಶ್ಚಿತಾರ್ಥ ಇತ್ತು. ಬೆಳಿಗ್ಗೇನೆ ಆಕಿ ಬಡಿಸಿದ ರೊಟ್ಟಿ ತಿಂದು ಬಸ್ ಹತ್ತಿದೋನು, ಮರುದಿನ ಫೋನ್ ಬಂದ ಮ್ಯಾಲೇ ಹರಿಹರಕ್ಕೆ ಕಾಲಿಟ್ಟಿದ್ದು. ಇದನ್ನ ಆವಾಗ್ಲೇ ಪೊಲೀಸರಿಗೆ ಹೇಳೀನಿ."

"ಬೆಳಿಗ್ಗೆ ಮೂಗುಬಟ್ಟು ಇತ್ತಾ?"

"ಇತ್ತು. ಇರದೆ ಎಲ್ಲಿಗೆ ಹೋಗ್ತದೆ?"

ದಿಲ್ಷಾದ್ ಡಬ್ಬಿ ಹಿಡಿದು, ಮಂಡಿಯ ಮೇಲೆ ಕೈಯೂರಿ ಎದ್ದು, ಅಡುಗೆಮನೆಗೆ ನಡೆದಳು.

ಅಂಬಿಕಾ ಒಲೆಯ ಕಟ್ಟೆಗೆ ಒರಗಿ ನಿಂತಿದ್ದಳು. ಅತ್ತು ಕಣ್ಣು ಕೆಂಪಾಗಿತ್ತು. "ನಮ್ಮ ಮನೆಯವ್ರು ಹಂಗಲ್ಲ ಮೇಡಂ. ಜೈಲಿಗೆ ಹಾಕ್ತಾರಾ?"

"ನಿನ್ನೆಯ ಕಡುಬು ಉಳಿದಾವಾ?"

ಅಂಬಿಕಾ ದೊಡ್ಡ ಡಬ್ಬದ ಮುಚ್ಚಳ ತೆಗೆದಳು. ಎಲ್ಲವೂ ಒಂದೇ ಅಳತೆಯವು, ಅಂಚೆಲ್ಲ ಅಚ್ಚಿನ ಹಲ್ಲು ಕಚ್ಚಿದ ಗುರುತು. ದಿಲ್ಷಾದ್ ಸ್ಟೀಲಿನ ಡಬ್ಬಿಯ ಅರ್ಧ ಕಡುಬನ್ನು ಅವುಗಳ ಪಕ್ಕ ಇಟ್ಟಳು. ಅದರ ಅಂಚು ಬೇರೆ. ಬೆರಳಿನಿಂದ ಹಿಟ್ಟನ್ನು ಮಡಿಚಿ ಮಡಿಚಿ ಜಡೆ ಹೆಣೆದ ಹಾಗೆ ಮುರಿಗೆ ಹಾಕಿತ್ತು.

"ಇದು ನಿನ್ನ ಕೈದಾ?"

ಅಂಬಿಕಾ ಬಗ್ಗಿ ನೋಡಿದಳು.

"ನನಗೆ ಮುರಿಗೆ ಬರಲ್ಲ. ಅತ್ತೆ ಕಲಿಸಿ ಕಲಿಸಿ ಸಾಕಾಗಿ, ಅಚ್ಚು ತಂದ್ಕೊಳ್ಳೇ ಮಾರಾಯ್ತಿ ಅಂದಿದ್ರು. ಇದು ಅತ್ತೆ ಕೈ ಕೆಲಸ." ಅಂದವಳೇ ತಾನಂದ ಮಾತಿಗೆ ತಾನೇ ಬೆಚ್ಚಿದಳು.

"ಸತ್ತೋರು ಕಡುಬು ಕರಿಯಲ್ಲ ಕಣವ್ವ. ಅತ್ತೆ ಕೈ ಯಾರಿಗೆ ಬಂದೈತೆ?"

ಅಂಬಿಕಾ ಸೆರಗಿನ ತುದಿಯನ್ನು ತಿರುವಿದಳು. "ನಾದಿನಿ. ಶಾಂತಲಾ. ಎಡೆ ಮನೆ ಮಗಳೇ ಬಡಿಸಬೇಕು ಅಂತ ಬೆಳಿಗ್ಗೇನೆ ದಾವಣಗೆರೆಯಿಂದ ಬಂದಿದ್ಲು. ನಾನು ಅಚ್ಚು ಒತ್ತುತಿದ್ದೆ, ಅವಳು ಎಡೆಗೆ ಅಂತ ಬೇರೆ ಮಾಡ್ತೀನಿ ಅಂದ್ಲು."

"ಆ ಎಲೆ ಪರಶುರಾಮಂಗೆ ಹೆಂಗೆ ಬಂತು?"

"ಬರಬಾರದಿತ್ತು ಮೇಡಂ. ನಮ್ಮಲ್ಲಿ ಹೆಂಡ್ತಿ ಎಡೆ ಗಂಡನೇ ಉಣ್ಣಬೇಕು. ಎಡೆ ಇಟ್ಟು, ಲೋಬಾನ ಹಾಕಿ, ಬಾಗಿಲು ಮುಂದೆ ಮಾಡಿ ಎಲ್ಲಾರೂ ಹೊರಗೆ ಕೂತ್ವಿ. ಹಿರಿಯರು ಬಂದು ಉಂಡು ಹೋಗ್ಲಿ ಅಂತ. ಆಮ್ಯಾಲೆ ಬಾಗಿಲು ತೆಗೆದು ಮಾವ ಆ ಎಲೆ ಮುಂದೆ ಕೂತ್ರು. ಸಾರಿಗೆ ಬೆರಳು ಅದ್ದಿ ನೋಡಿದ್ರು. ಸಾರು ಆರೈತೆ ಅಂತಂದು ಎಲೆ ಹಂಗೇ ಇವರ ಕಡೆ ನೂಕಿದ್ರು."

"ಏನಂದ್ರು?"

"ಸಾರು ಆರೈತೆ ಅಂತ. ಬಾಗಿಲು ಹಾಕಿ ಅಷ್ಟೊತ್ತು ಇಟ್ಟ ಮ್ಯಾಲೆ ಆರದೆ ಇರ್ತದಾ? ಅತ್ತೆ ಇದ್ದಾಗ್ಲೂ ಹಂಗೇ ತಟ್ಟೆ ನೂಕೋರು." ಅಂಬಿಕಾ ಡಬ್ಬದ ಮುಚ್ಚಳ ಹಾಕಿದಳು. "ಶಾಂತಲಾ ಅನ್ನ ತರಾಕೆ ಒಳಗೆ ಬಂದಿದ್ಲು. ನೋಡಿ ಓಡಿದ್ಲು, ಅಣ್ಣಾ ನೀ ತಿನ್ನಬ್ಯಾಡ ಅಂತ ಕೂಗಿದ್ಲು. ಅಷ್ಟರಾಗೆ ಇವರು ಕಚ್ಚಿ ಆಗಿತ್ತು. ಅವಳು ಉಣ್ಣದೇನೇ ಬಸ್ ಹತ್ತಿ ಹೋದ್ಲು."

ದಿಲ್ಷಾದ್ ಸ್ಕೂಟಿ ಏರಿದಾಗ ಊಟದ ಹೊತ್ತು ಮೀರಿತ್ತು. ಬಾಗಿಲಲ್ಲಿ ಕೆಂಚವೀರಪ್ಪ ಕೂಗಿ ಹೇಳಿದ: "ನಾಲ್ಕು ಗಂಟೆ, ಮೇಡಂ! ನಾ ಯಾರಿಗೂ ಕಾಯೋನಲ್ಲ!" ಅದನ್ನು ಹೇಳಬೇಕಾಗಿಯೇ ಇರಲಿಲ್ಲ. ಆತ ಯಾರಿಗೂ ಕಾದವನಲ್ಲ ಎಂಬುದು ಆ ಮನೆಯ ಗೋಡೆಗೂ ಗೊತ್ತಿತ್ತು.

ಸೇತುವೆ ದಾಟುವಾಗ ಗಾಳಿ ಮುಖಕ್ಕೆ ಹೊಡೆಯಿತು. ಕೆಳಗೆ ಹೊಳೆ ಸಣ್ಣಗೆ, ಬಂಡೆಗಳ ನಡುವೆ ಹರಿಯುತ್ತಿತ್ತು. ಮೂಗುಬಟ್ಟು ಇಟ್ಟದ್ದು ಅಪ್ಪ ಕಚ್ಚಲೆಂದು. ಮಗ ಕಚ್ಚಿದ. ಈಗ ಅಪ್ಪ ಅದನ್ನೇ ಹಿಡಿದು ಮಗನನ್ನು ಜೈಲಿಗೆ ಕಳಿಸಲು ಹೊರಟಿದ್ದಾನೆ. ಶಾಂತಲಾಳ ಬಾಯಿ ಬಿಡಿಸದಿದ್ದರೆ ಸಂಜೆಯೊಳಗೆ ಪರಶುರಾಮ ಠಾಣೆಯ ಬೆಂಚಿನ ಮೇಲಿರುತ್ತಾನೆ.

ದಾವಣಗೆರೆಯ ಪಿ.ಜೆ. ಬಡಾವಣೆಯ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಶಾಂತಲಾ ಒಬ್ಬಳೇ ಇದ್ದಳು. ಲ್ಯಾಬ್ ಟೆಕ್ನಿಷಿಯನ್. ಬಿಳಿ ಕೋಟು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ. ರಕ್ತದ ಸೀಸೆಗಳಿಗೆ ಚೀಟಿ ಅಂಟಿಸುತ್ತಿದ್ದವಳು ದಿಲ್ಷಾದಳನ್ನು ನೋಡಿ ಕೈ ನಿಲ್ಲಿಸಲಿಲ್ಲ.

"ನಮ್ಮಪ್ಪ ಪೊಲೀಸಮ್ಮನ್ನ ಕರೆಸ್ಯಾರೆ ಅಂತ ಅತ್ತಿಗೆ ಫೋನ್ ಮಾಡಿದ್ಲು. ಕೂಡ್ರಿ."

"ಮುರಿಗೆ ಚೆನ್ನಾಗಿ ಹಾಕ್ತೀಯವ್ವ," ಎಂದಳು ದಿಲ್ಷಾದ್.

ಶಾಂತಲಾಳ ಬೆರಳಿಗೆ ಚೀಟಿ ಅಂಟಿಕೊಂಡು ಹಾಗೇ ಉಳಿಯಿತು.

"ಒಳಗೆ ಕಲ್ಲು ಇಟ್ಟು ಮುರಿಗೆ ಹಾಕೋದು ಬ್ಯಾರೆ ಕಷ್ಟ. ಹಿಟ್ಟು ಹರೀತದೆ. ಎಲ್ಲಿ ಸಿಕ್ತು ನಿನಗೆ ಅದು?"

"ನಾ ಇಟ್ಟಿಲ್ಲ."

"ಸರಿ ಬಿಡು. ಹಂಗಾದ್ರೆ ನಿಮ್ಮಣ್ಣನೇ ಇಟ್ಟಿರ್ಬೇಕು. ಇನ್ನೊಂದು ತಾಸಿಗೆ ನಿಮ್ಮಪ್ಪ ಅವನ ಹೆಸರು ಬರೆಸ್ತಾನೆ, ತಾಯಿನ ಹೊಳೆಗೆ ನೂಕಿದ ಅಂತ. ಮೂಗುಬಟ್ಟು ಅವನ ಬಾಯಾಗೇ ಸಿಕ್ಕೈತೆ. ಯಾವ ವಕೀಲ ಬಂದ್ರೂ ಬಿಡಿಸೋದು ಕಷ್ಟ." ದಿಲ್ಷಾದ್ ಏಳುವವಳಂತೆ ಮಾಡಿದಳು.

"ಅಣ್ಣಂಗೆ ಏನೂ ಗೊತ್ತಿಲ್ಲ!"

"ನಿನಗೆ ಗೊತ್ತೈತಲ್ಲ. ಹೇಳು."

ಶಾಂತಲಾ ಕೋಣೆಯ ಬಾಗಿಲು ಮುಂದೆ ಮಾಡಿದಳು. ಆಮೇಲೆ ಮಾತು ಒಮ್ಮೆಲೇ ಬಂತು.

"ಅವ್ವ ಅವತ್ತು ಮಧ್ಯಾಹ್ನ ಇಲ್ಲಿಗೇ ಬಂದಿದ್ಲು. ನಿಮ್ಮಪ್ಪ ಆನಗೋಡಿಗೆ ಹೋಗ್ಯಾನೆ, ಒಂದು ದಿನ ನಂದು ಅಂತ ನಗ್ತಾ ಬಂದ್ಲು. ಇಬ್ರೂ ಮಂಡಕ್ಕಿ ಮೆಣಸಿನಕಾಯಿ ತಿಂದ್ವಿ. ತಿಂತಾ ತಿಂತಾ ಮೂಗುಬಟ್ಟಿನ ತಿರುಪು ಬಿಚ್ಚಿ ನನ್ ಕೈಗಿಟ್ಲು. ಯಾಕವ್ವ ಅಂದೆ. ಮದುವೆ ಆದಾಗಿಂದ ನಿಂತ್ಕೊಂಡು ಬಡಿಸೀನಿ ಕಣೆ, ನಿಮ್ಮಪ್ಪ ತಟ್ಟೆ ನೋಡ್ಯಾನೆ, ನನ್ ಮುಖ ಒಂದಿನ ನೋಡಿಲ್ಲ. ನೋಡ್ತಾನೋ ಇಲ್ಲೋ ಪರೀಕ್ಷೆ ಮಾಡಾನ. ಮೂಗುಬಟ್ಟು ಎಲ್ಲೇ ಅಂತ ಕೇಳಿದ ದಿನ ಬಂದು ಇಸ್ಕೊಂಡು ಹೋಗ್ತೀನಿ, ಅಲ್ಲಿವರೆಗೂ ನಿನ್ ಹತ್ರ ಇರ್ಲಿ ಅಂದ್ಲು."

"ಆಮೇಲೆ?"

"ಆಮ್ಯಾಲೆ ಏನು? ಹರಿಹರಕ್ಕೆ ಬಸ್ ಹತ್ತಿದ್ಲು. ಮರುದಿನ ಹೆಣ ಸಿಕ್ತು."

"ಪೊಲೀಸಿಗೆ ಯಾಕ ಹೇಳ್ಲಿಲ್ಲ?"

"ಏನಂತ ಹೇಳ್ಲಿ ಮೇಡಂ? ನಮ್ಮಪ್ಪ ನಮ್ಮವ್ವನ ಮುಖ ನೋಡಲ್ಲ ಅಂತ ಕಂಪ್ಲೇಂಟ್ ತಗೋತಿದ್ರಾ ನೀವು?"

ಅಂಥ ಕಂಪ್ಲೇಂಟು ತಗೊಳ್ಳುವ ಠಾಣೆ ಇದ್ದಿದ್ದರೆ ಊರಿನ ಅರ್ಧ ಹೆಂಗಸರು ಅದರ ಮುಂದೆ ಸಾಲು ನಿಂತಿರುತ್ತಿದ್ದರು.

"ನಾ ಕಾಯ್ದೆ," ಎಂದಳು ಶಾಂತಲಾ. "ಹೆಣ ತಂದಾಗ ಕೇಳ್ತಾನೆ ಅಂತ ಕಾಯ್ದೆ. ಪೊಲೀಸರು, ಮೂಗುಬಟ್ಟು ಇಲ್ಲ ಅಂತ ಬರ್ಕೊಂಡ್ರು. ಅಪ್ಪ ತುಟಿ ಬಿಚ್ಚಲಿಲ್ಲ. ತಿಥಿ ಆಯ್ತು. ಬಟ್ಟೆಬರೆ ಹಂಚಿದ್ವಿ, ಒಡವೆ ಪೆಟ್ಟಿಗೆ ತೆಗೆದ್ವಿ. ಆಕಿ ಮೂಗುಬಟ್ಟು ಎಲ್ಲಿ ಅಂತ ಒಂದು ಮಾತು ಇಲ್ಲ. ವರ್ಷ ತುಂಬಿತು. ನನಗೆ ಹೊಟ್ಟೆ ಉರೀತು. ಕೇಳ್ದೆ ಇದ್ರೆ ಕಚ್ಲಿ ಅಂತ ಇಟ್ಟೆ. ಹಲ್ಲಿಗೆ ಸಿಕ್ಕಾಗಾದ್ರೂ ಆಕಿ ನೆನಪಾಗ್ಲಿ ಅಂತ." ಅವಳು ಬಿಕ್ಕಿದಳು. "ಸಾರು ಆರೈತೆ ಅಂದ ಮೇಡಂ. ಸತ್ತೋಳ ಎಲೆ ಮುಂದೆ ಕೂತು ಸಾರು ಆರೈತೆ ಅಂದ."

ದಿಲ್ಷಾದ್ ಅವಳ ಬೆನ್ನ ಮೇಲೆ ಕೈಯಿಟ್ಟಳು. ಕೇಸು ಮುಗಿಯಿತು ಎನಿಸಿತು. ಕಳುವೂ ಇಲ್ಲ, ಕೊಲೆಯೂ ಇಲ್ಲ. ಮುದುಕಿಯೊಬ್ಬಳ ತಮಾಷೆ, ಮಗಳೊಬ್ಬಳ ಸಿಟ್ಟು. ಹರಿಹರಕ್ಕೆ ಫೋನು ಮಾಡಿ ಆ ಮುದುಕನಿಗೆ ನಾಲ್ಕು ಮಾತು ಬೈದರೆ ಪರಶುರಾಮ ಉಳಿದುಕೊಳ್ಳುತ್ತಾನೆ.

"ತಾನಾಗೇ ಜೀವ ಕಳ್ಕೊಂಡಿರಬಹುದಾ?" ಎಂದು ಮೆಲ್ಲಗೆ ಕೇಳಿದಳು. "ಮೂಗುಬಟ್ಟು ಬಿಚ್ಚಿ ಕೊಡೋದು ಅಂದ್ರೆ..."

"ಇಲ್ಲ ಮೇಡಂ, ಆಣೆ ಮಾಡಿ ಹೇಳ್ತೀನಿ. ಬಿಚ್ಚಿದ ಮ್ಯಾಲೆ, ತೂತು ಮುಚ್ಕೊಂಡೀತು, ಮತ್ತೆ ಚುಚ್ಚಿಸ್ಕೊಳ್ಳೋ ವಯಸ್ಸಾ ನಂದು ಅಂತಂದು ಕಡ್ಡಿ ಕೇಳಿದ್ಲು. ಇಲ್ಲೇ ಹೊಸ ಪೊರಕೆ ಇತ್ತು. ನಾನೇ ಕಡ್ಡಿ ಮುರಿದು ತೂತಿಗೆ ಹಾಕಿದೆ. ಸಾಯಾಕೆ ಹೊಂಟೋಳು ಮೂಗಿನ ತೂತಿನ ಚಿಂತೆ ಮಾಡ್ತಾಳಾ?"

ದಿಲ್ಷಾದಳ ಕೈ ಅವಳ ಬೆನ್ನ ಮೇಲೆಯೇ ನಿಂತಿತು.

"ಕಡ್ಡಿ?"

"ಹೂಂ. ಯಾಕ?"

"ಹೆಣದ ಮೂಗಲ್ಲಿ ಆ ಕಡ್ಡಿ ಇತ್ತಾ?"

"ಇಲ್ಲ. ನಾನೇ ಮುಖ ತೊಳೆದಿದ್ದು. ನೀರಾಗೆ ಬಿದ್ದು ಹೋಗಿತ್ತು."

"ಕಡ್ಡಿ ಹಾಕಿದ್ದು ಯಾರಿಗಾದ್ರೂ ಹೇಳಿದ್ಯಾ? ಅಣ್ಣಂಗೆ? ಅಪ್ಪಂಗೆ?"

"ಅಪ್ಪನ ಜೊತೆ ಮಾತಾಡಿ ವರ್ಷ ಆಯ್ತು. ಯಾರಿಗೂ ಹೇಳಿಲ್ಲ."

ಥೂ ನಿನ್ನ ಕಿವಿಗೆ ಎಂದು ದಿಲ್ಷಾದ್ ತನ್ನನ್ನೇ ಬೈದುಕೊಂಡಳು. ಬೈಗುಳವೆಂದು ಬಿಟ್ಟ ಮಾತು ಅದು. ಗತಿಗೆಟ್ಟೋಳ ಹಂಗೆ ಮೂಗಿಗೆ ಕಡ್ಡಿ ಸಿಗಿಸ್ಕೊಂಡು ಹೊಳೆಗೆ ಹೋದ್ಲು. ಬೆಳಿಗ್ಗೆ ಆನಗೋಡಿಗೆ ಹೋಗಿ ಮರುದಿನ ಬಂದ ಮನುಷ್ಯ, ಮಧ್ಯಾಹ್ನ ಈ ಕೋಣೆಯಲ್ಲಿ ಹಾಕಿದ ಕಡ್ಡಿಯನ್ನು ಯಾವಾಗ ಕಂಡ?

ಅವನು ಮೂಗುಬಟ್ಟು ಎಲ್ಲಿ ಎಂದು ಕೇಳಲಿಲ್ಲ. ಹೇಗೆ ಕೇಳುತ್ತಾನೆ, ಅದು ಅವಳ ಮೂಗಿನಲ್ಲಿ ಇಲ್ಲದ್ದನ್ನು ಅವತ್ತೇ ಕಂಡವನು?

ಅಷ್ಟರಲ್ಲಿ ಫೋನು ಹೊಡೆದುಕೊಂಡಿತು. ಕೆಂಚವೀರಪ್ಪ. ದಿಲ್ಷಾದ್ ತುಟಿಯ ಮೇಲೆ ಬೆರಳಿಟ್ಟು ಶಾಂತಲಾಳಿಗೆ ಸನ್ನೆ ಮಾಡಿ, ಸ್ಪೀಕರ್ ಒತ್ತಿದಳು.

"ಸ್ಟೇಷನ್ ಮುಂದೆ ನಿಂತೀನಿ. ಏನಾಯ್ತು ನಿಮ್ಮ ತನಿಖೆ? ಬರೆಸ್ಲಾ ಅವನ ಹೆಸರು?"

"ಬರೆಸೋರಂತೆ ಯಜಮಾನ್ರೇ. ಎಲ್ಲಾ ಸರಿಯಾಗಿ ಬರೀಬೇಕಲ್ಲ, ಅದಕ್ಕೆ ಕೇಳ್ತೀನಿ. ನಿಮ್ಮ ಹೆಂಡ್ತಿ ಮೂಗಿನಾಗೆ ಕಡ್ಡಿ ಇತ್ತು ಅಂದ್ರಲ್ಲ, ಯಾವ್ದು? ಬೇವಿನ ಕಡ್ಡಿನಾ?"

"ಬೇವಿಂದೆಲ್ಲಿ! ಪೊರಕೆ ಕಡ್ಡಿ. ಅದೂ ಹೊರಗೆ ಚಾಚ್ಕೊಂಡಿತ್ತು, ನೋಡಾಕೆ ಅಸಹ್ಯ. ತೆಗಿಯೇ ಅದನ್ನ ಅಂದ್ರೆ..."

ಮಾತು ಅಲ್ಲಿಗೇ ನಿಂತಿತು. ಫೋನಿನಲ್ಲಿ ಆಟೋವೊಂದು ಹಾದುಹೋದ ಸದ್ದು ಕೇಳಿಸಿತು.

ಶಾಂತಲಾ ಗೋಡೆಗೆ ಒರಗಿದ್ದಳು. ಸನ್ನೆ ಮರೆತು, ವರ್ಷದಿಂದ ಕಟ್ಟಿಟ್ಟಿದ್ದ ಬಾಯಿ ತೆರೆದಳು.

"ಅಪ್ಪಾ."

ಅವಳು ಫೋನಿನ ಹತ್ತಿರಕ್ಕೆ ಬಾಗಿದಳು.

"ಹಂಗಾದ್ರೆ ನೋಡಿದ್ಯಲ್ಲ ನೀನು. ಅವ್ವನ ಮುಖ ನೋಡಿದ್ಯಲ್ಲ." ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು, ದನಿ ಮಾತ್ರ ಒಣಗಿತ್ತು. "ಅಷ್ಟು ವರ್ಷ ಬಿಟ್ಟು ಅವತ್ತೇ ನೋಡಬೇಕಿತ್ತಾ?"

ಫೋನು ಇಟ್ಟುಬಿಟ್ಟ ಎಂದೇ ದಿಲ್ಷಾದ್ ಅಂದುಕೊಂಡಳು. ಆಮೇಲೆ ಬಂದ ದನಿ ಫೋರ್‌ಮನ್ ಕೆಂಚವೀರಪ್ಪನದಲ್ಲ, ಸೋತ ಮುದುಕನದು.

"ನಾ ಒಬ್ಬನೇ ಇರ್ಲಿಲ್ಲ ಶಾಂತಿ. ನಾ ಹೋಗೋದ್ರೊಳಗೆ ನಿಮ್ಮಣ್ಣ ಹೊಳೆ ಮೆಟ್ಟಿಲ ಮ್ಯಾಲೆ ನಿಂತಿದ್ದ. ನಿಮ್ಮವ್ವ ನೀರಾಗಿದ್ಲು."

ಫೋನು ಕಟ್ಟಾಯಿತು.

"ಸುಳ್ಳು," ಎಂದಳು ಶಾಂತಲಾ. "ಸುಳ್ಳು ಹೇಳ್ತಾನೆ. ಅಲ್ವಾ ಮೇಡಂ? ತನ್ ತಲೆ ಉಳಿಸ್ಕೊಳ್ಳಾಕೆ ಹೇಳ್ತಾನೆ, ಅಲ್ವಾ?"

ನೀರಿನಲ್ಲಿದ್ದವಳ ಮೂಗಿನ ಕಡ್ಡಿಯನ್ನು ತೆಗಿಯೇ ಎಂದು ಯಾರೂ ಗದರಿಸುವುದಿಲ್ಲ. ಮುದುಕ ಸುಳ್ಳು ಹೇಳುತ್ತಿದ್ದಾನೆ, ನಿಜ. ಆದರೆ ಎಲ್ಲವೂ ಸುಳ್ಳೇ? ದಿಲ್ಷಾದಳ ಕಣ್ಣ ಮುಂದೆ ಬೆಳಗಿನ ಆ ಪಡಸಾಲೆ ಬಂತು. ಚಹಾದ ತಟ್ಟೆ ಹಿಡಿದು ನಿಂತ ಅಂಬಿಕಾ, ಆ ಮಾತನ್ನು ಮೊದಲ ಸಲ ಕೇಳಿದವರು ಯಾರೇ ಆದರೂ ಕೇಳುವುದನ್ನೇ ಕೇಳಿದ್ದಳು, ಯಾವ ಕಡ್ಡಿ ಅಂತ.

ಪರಶುರಾಮ ಕೇಳಿರಲಿಲ್ಲ. ಅವಳನ್ನು ಒಳಗೆ ಕಳಿಸಿದ್ದ.